ಬೀರಮ್ಮನ ಏಡಿ ಮತ್ತು ವಿಕ್ಟರಿ ಹಡಗು

ದೋಣಿಯ ಮೇಲಿನ ಗುರುತನ್ನು ಕೆರೆಯಲು ಹೇಳಿದ್ದು ಕಚೇರಿ, ಕೆರೆದದ್ದು ದೋಣಿಯ ತಾಂಡೇಲ, ನೋಡುತ್ತ ನಿಂತದ್ದು ಇಡೀ ದಂಡೆ. ಮೀನಿನ ಪಾಲು ಕಳೆದುಕೊಂಡವಳು ಬೇಲೇಕೇರಿಯ ಬೀರಮ್ಮ ಹರಿಕಂತ್ರ ಮತ್ತು ಅವಳೊಂದಿಗೆ ಕಣ್ಣು ಕಾಣದ ಅವಳ ಅತ್ತೆ. ಇದನ್ನು ಮೊದಲಿಗೇ ಹೇಳಿಬಿಡುವುದು ಕ್ಷೇಮ. ಪ್ರಬಂಧ ಬರೆಯಲು ಕುಳಿತವರಿಗೆ ಹಾದಿ ಬಿಟ್ಟು ಅಡ್ಡಾಡುವ ಚಟವಿರುತ್ತದೆ. ನನಗೆ ಅದು ತುಸು ಹೆಚ್ಚೇ ಇದೆ. ಅಡ್ಡಾಡಿ ಮುಗಿಯುವಷ್ಟರಲ್ಲಿ ಯಾರಿಗೆ ಏನಾಯಿತೆಂಬುದೇ ಮರೆತುಹೋಗುವ ಭಯವುಂಟು.

ಇನ್ನು ಅಡ್ಡಾಡಬಹುದು.

ನಾನು ಬರೆಯುವ ಮೇಜಿನ ಒಂದು ಕಾಲು ಉಳಿದವುಗಳಿಗಿಂತ ಗಿಡ್ಡ. ಸರಿಮಾಡಿಕೊಡುತ್ತೇನೆಂದು ಹೇಳಿಹೋದ ಅಂಕೋಲೆಯ ಬಡಗಿ ಹಾದಿಯಲ್ಲಿ ಸಿಕ್ಕಾಗಲೆಲ್ಲ ಮೇಜಿನ ಯೋಗಕ್ಷೇಮ ವಿಚಾರಿಸುತ್ತಾನೆ, ಮನೆಗೆ ಮಾತ್ರ ಬರುವುದಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಕಾಲಿನ ಅಡಿಗೆ ಮಡಿಸಿ ತುರುಕಿದ ಕಾಗದ ಮೊನ್ನೆ ಕಸ ಗುಡಿಸುವಾಗ ಜಾರಿ ಹೊರಗೆ ಬಂತು. ಬಿಡಿಸಿ ನೋಡಿದೆ. ಮಾಮನ ಕ್ಯಾಲೆಂಡರಿನ ಹಾಳೆ. ಒಂದು ಮಗ್ಗುಲಿಗೆ ತಾರೀಖು, ಅದರ ಕೆಳಗೆ ಮೂರು ಕೂವೆಮರಗಳ ಹಳೆಯ ಹಡಗಿನ ಚಿತ್ರ. ಹಿಂದುಗಡೆ ಒಂದು ಗುರಾಣಿ, ಅದನ್ನು ಎತ್ತಿಹಿಡಿದ ರೆಕ್ಕೆಯ ಇಬ್ಬರು ಮಕ್ಕಳು, ಮೇಲೆ ಕಿರೀಟ. ಅಡಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು.

ಮಾಮನೆಂದರೆ ನನ್ನ ತಾಯಿಯ ಅಣ್ಣ. ಕಾರವಾರದಲ್ಲಿ ಆಗಬೋಟಿ ಎನ್ನುವ ಉಗಿಹಡಗುಗಳ ಒಂದು ಕಂಪನಿಯ ಏಜಂಟರ ಹತ್ತಿರ ಕಾರಕೂನರಾಗಿದ್ದರು. ತಂದೆಯಿಲ್ಲದ ನಾನು ಬೆಳೆದದ್ದು ಅವರ ಮನೆಯಲ್ಲಿ. ಹೊಸ ವರ್ಷ ಬಂತೆಂದರೆ ಮುಂಬಯಿಯಿಂದ ಕಂಪನಿಯವರು ದಿನಕ್ಕೊಂದು ಹಾಳೆ ಹರಿಯುವ ಇಟ್ಟಿಗೆಯಷ್ಟು ದಪ್ಪದ ಕ್ಯಾಲೆಂಡರು ಕಳಿಸುತ್ತಿದ್ದರು. ಪ್ರತಿ ಹಾಳೆಯ ಮೇಲೂ ಅಂದಿನ ದಿನ ಹಿಂದೆಂದೋ ನಡೆದ ಹಡಗಿನ ಸಂಗತಿಯೊಂದು: ಇಂತಹ ನೌಕೆ ನೀರಿಗಿಳಿಯಿತು, ಇಂತಹದು ಬಂಡೆಗೆ ಬಡಿಯಿತು, ಇಂತಹದು ಶತ್ರುವಿನ ಕೈಗೆ ಸಿಕ್ಕಿತು. ಹಿಂಬದಿಯಲ್ಲಿ ಯಾವುದಾದರೂ ಮನೆತನದ ಅಥವಾ ಪಟ್ಟಣದ ಲಾಂಛನ ಮತ್ತು ಅದರ ವಿವರಣೆ. ಬೇರೆಯವರ ಮನೆಗಳಲ್ಲಿ ಬೆಳಿಗ್ಗೆ ತಿಥಿ ನಕ್ಷತ್ರ ಓದುತ್ತಿದ್ದರು. ನಮ್ಮಲ್ಲಿ ಮಾಮ ಸ್ನಾನ ಮುಗಿಸಿ, ಒದ್ದೆ ಕೈ ಒರೆಸಿಕೊಂಡು, ಹಾಳೆಯನ್ನು ಹರಿದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಂಗ್ಲೆಂಡಿನ ನೌಕೆಗಳ ಗತಿಯನ್ನು ಸಾರುತ್ತಿದ್ದರು.

ಮನೆಯ ಮಾತು ಕೊಂಕಣಿ. ಆದರೆ ಇತಿಹಾಸ ಮಾತ್ರ ಕನ್ನಡದಲ್ಲಿಯೇ ಆಗಬೇಕು, ಅದಕ್ಕೊಂದು ಗಾಂಭೀರ್ಯವಿದೆ ಎಂಬುದು ಮಾಮನ ನಂಬಿಕೆ. ಆದುದರಿಂದ ಮಾಮಿಯೂ ಆ ಹೊತ್ತಿಗೆ ಕನ್ನಡದಲ್ಲಿಯೇ ಕೇಳುತ್ತಿದ್ದರು.

“ಇವತ್ತು ಎಂತದು? ತೇಲಿದ್ದಾ, ಮುಳುಗಿದ್ದಾ?”

“ಮುಳುಗಿದ್ದು. ಮೇರಿ ರೋಸ್ ಅಂತ. ರಾಜ ದಂಡೆ ಮೇಲೆ ನಿಂತು ನೋಡ್ತಿದ್ದ ಹಾಗೇ ಮುಳುಗಿತು.”

“ರಾಜ ಎಂತ ಮಾಡ್ದ?”

“ಎಂತ ಮಾಡ್ತಾನೆ? ನೋಡ್ದ.”

“ಅಷ್ಟಕ್ಕೆ ರಾಜ ಬೇಕಾ? ನಮ್ಮ ಬೈತಖೋಲ ಬಂದರಲ್ಲಿ ಎಲ್ರೂ ಅದನ್ನೇ ಮಾಡ್ತಾರೆ,” ಎಂದು ಮಾಮಿ ಸೊಪ್ಪಿಗೆ ಉಪ್ಪು ಹಾಕುತ್ತಿದ್ದರು.

ಹಡಗಿಗಿಂತಲೂ ಮಾಮನಿಗೆ ಲಾಂಛನಗಳ ಮೇಲೆ ಪ್ರೀತಿ ಹೆಚ್ಚು. ಸಿಂಹ ನಡೆಯುತ್ತಿದ್ದರೆ ಒಂದು ಅರ್ಥ, ಕುಳಿತಿದ್ದರೆ ಇನ್ನೊಂದು. ಹಿಂಗಾಲುಗಳ ಮೇಲೆ ಎದ್ದು ನಿಂತರೆ ಅದರ ಘನತೆಯೇ ಬೇರೆ. ಗುರಾಣಿಯನ್ನು ನಾಲ್ಕು ಭಾಗ ಮಾಡಿದರೆ, ಯಾವ ಯಾವ ಮನೆತನಗಳು ಮದುವೆಯಿಂದ ಕೂಡಿಕೊಂಡವೆಂದು ಅಷ್ಟರಿಂದಲೇ ಓದಬಹುದು. ಸಿಂಹದ ನಾಲಗೆಗೆ ಕೆಂಪು ಬಣ್ಣ ಬಳಿದಿದ್ದರೆ ಅದಕ್ಕೂ ಬೇರೆಯೇ ಒಂದು ಪದವಿದೆಯೆಂದು ಅವರು ಹೇಳಿದ ದಿನ, ಬಹುಶಃ ಅದು ಎಲೆಯಡಿಕೆ ಹಾಕಿರಬೇಕೆಂದು ಮಾಮಿ ತೀರ್ಮಾನಿಸಿದರು. ಒಂದು ಮಳೆಗಾಲದಲ್ಲಿ ಆಗಬೋಟಿಗಳ ಸಂಚಾರ ನಿಂತು ಕೆಲಸವಿಲ್ಲದಿದ್ದಾಗ ಮಾಮ ನಮ್ಮ ಮನೆಗೂ ಒಂದು ಲಾಂಛನ ಬರೆಯಲು ಕುಳಿತರು. ಒಂದು ಭಾಗದಲ್ಲಿ ಆಗಬೋಟಿ, ಇನ್ನೊಂದರಲ್ಲಿ ಸದಾಶಿವಗಡದ ಗುಡ್ಡ. ಉಳಿದ ಜಾಗದಲ್ಲಿ ಈಳಿಗೆಮಣೆಯನ್ನೂ ಒನಕೆಯನ್ನೂ ಹಾಕಿದರೆ ಮನೆಯಲ್ಲಿ ನಿಜವಾಗಿ ಯಾರು ದುಡಿಯುತ್ತಾರೆಂಬುದು ಮುಂದಿನವರಿಗೆ ತಿಳಿದೀತು ಎಂದು ಮಾಮಿ ಸಲಹೆ ಕೊಟ್ಟರು. ಕೆಳಗಿನ ಪಟ್ಟಿಯಲ್ಲಿ ಮನೆತನದ ಧ್ಯೇಯವಾಕ್ಯವೊಂದು ಬೇಕೆಂದು ಮಾಮ ಕೇಳಿದಾಗ, “ಬಾವಿ ಹಗ್ಗ ನಾಳೆ ತರ್ತೆ” ಎಂದು ಬರೆಯಿರಿ, ನಿಮ್ಮ ಬಾಯಲ್ಲಿ ದಿನಾ ಬರುವುದು ಅದೇ ಎಂದರು.

ಹರಿದ ಹಾಳೆಗಳಿಗೆ ಎರಡನೆಯ ಜನ್ಮವಿತ್ತು. ಒಗ್ಗರಣೆಯ ಮೆಣಸು ಕಟ್ಟಲು, ಉಪ್ಪಿನಕಾಯಿ ಭರಣಿಯ ಬಾಯಿಗೆ ಹೊದಿಸಲು, ನನ್ನ ಪಾಟಿಯ ಚೀಲಕ್ಕೆ ಅಸ್ತರವಾಗಿ ಅವು ಸವೆಯುತ್ತಿದ್ದವು. ನಾನು ಶಾಲೆಗೆ ಒಯ್ಯುತ್ತಿದ್ದ ಅವಲಕ್ಕಿಯ ಪೊಟ್ಟಣದ ಮೇಲೆ ಎಷ್ಟೋ ಸಲ ನೌಕಾಧಿಪತಿಗಳ ಬಿರುದುಗಳು ಎಣ್ಣೆಯಲ್ಲಿ ನೆನೆದು ಪಾರದರ್ಶಕವಾಗಿರುತ್ತಿದ್ದವು. ಇಂಗ್ಲೆಂಡಿನ ನೌಕಾ ಇತಿಹಾಸವನ್ನು ನಾನು ಕಲಿತದ್ದು ಹೀಗೆ, ಕೊಬ್ಬರಿ ಎಣ್ಣೆಯ ವಾಸನೆಯೊಂದಿಗೆ. ನಮ್ಮ ಕಡಲಿನ ಇತಿಹಾಸವನ್ನು ಯಾರೂ ಯಾವ ಹಾಳೆಯ ಮೇಲೂ ಅಚ್ಚು ಹಾಕಿ ಕಳಿಸಲಿಲ್ಲ. ಅಂಕೋಲೆಯ ದಂಡೆಯಲ್ಲಿ ಜನ ಕಾಯಿದೆ ಮುರಿದು ಉಪ್ಪು ಮಾಡಿದ ದಿನದಂದು ಕೂಡ ನಮ್ಮ ಗೋಡೆಯ ಹಾಳೆ ಯಾವುದೋ ಯುದ್ಧನೌಕೆಗೆ ಯಾರೋ ರಾಜಕುಮಾರಿ ಹೆಸರಿಟ್ಟಳೆಂದು ಹೇಳುತ್ತಿತ್ತು. ಇದು ಆ ಕ್ಯಾಲೆಂಡರು ಮಾಡಿದ ಅನ್ಯಾಯ; ಸಣ್ಣದು, ಆದರೂ ಅನ್ಯಾಯವೇ. ಹೆಸರಿಟ್ಟು ಮುಂದೆ ಹೋಗುತ್ತೇನೆ.

ಹೆಸರಿಡುವ ಈ ಚಾಳಿ ಪುಣೆಯದು. ಮಾಮ ನನ್ನನ್ನು ಅಲ್ಲಿಯ ಒಂದು ಹೊಸ ಮಾದರಿಯ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿ ಬೆತ್ತವಿರಲಿಲ್ಲ, ಉರು ಹೊಡೆಯುವುದಿರಲಿಲ್ಲ. ತರಕಾರಿ ಬೆಳೆಯಬೇಕು, ಪ್ರಶ್ನೆ ಕೇಳಬೇಕು. ಕಂಡ ಅನ್ಯಾಯಕ್ಕೆ ಹೆಸರು ಕೊಡದವರು ಅದಕ್ಕೆ ಅನ್ನ ಕೊಡುತ್ತಾರೆ ಎಂದು ನಮ್ಮ ಮುಖ್ಯ ಉಪಾಧ್ಯಾಯಿನಿಯವರು ಹೇಳುತ್ತಿದ್ದರು. ಊರಿಗೆ ಮರಳಿ ಅಂಕೋಲೆಯಲ್ಲಿ ಶಿಕ್ಷಕಿಯಾದ ಮೇಲೆ ನಾನು ಹೆಸರು ಕೊಡಲು ತೊಡಗಿದೆ. ಸಾರ್ವಜನಿಕ ಬಾವಿಯ ಕಟ್ಟೆ, ಮೋಟಾರು ಬಸ್ಸಿನಲ್ಲಿ ಹೆಂಗಸರನ್ನು ಮೂಟೆಗಳ ಮೇಲೆ ಕೂರಿಸುವುದು, ಅಗಸೂರಿನ ಶಾಲೆಯ ಸೋರುವ ಮಾಡು: ಒಂದೊಂದಕ್ಕೂ ಒಂದೊಂದು ಅರ್ಜಿ. ಜನ ನನ್ನನ್ನು ಅರ್ಜಿ ಅಕ್ಕೋರು ಎಂದು ಕರೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಶಾಲೆಯ ಮಾಡು ಈಗಲೂ ಸೋರುತ್ತದೆ. ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ.

ರಜೆಯ ದಿನಗಳಲ್ಲಿ ಬೇಲೇಕೇರಿಯ ಹೆಂಗಸರಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆ. ಬೀರಮ್ಮನ ಪರಿಚಯವಾದದ್ದು ಅಲ್ಲಿ. ಅವಳು ನನ್ನ ಅತ್ಯಂತ ನಿಷ್ಠಾವಂತ ವಿದ್ಯಾರ್ಥಿನಿ. ತಪ್ಪದೆ ಬರುತ್ತಿದ್ದಳು, ಕಂಬಕ್ಕೆ ಒರಗುತ್ತಿದ್ದಳು, ‘ಅ’ ಎನ್ನುವಷ್ಟರಲ್ಲಿ ನಿದ್ರೆ ಹೋಗುತ್ತಿದ್ದಳು. ಒಣಮೀನಿನ ಬುಟ್ಟಿ ಹೊತ್ತು ಅಗಸೂರಿನವರೆಗೆ ನಡೆದು, ಮೀನು ಕೊಟ್ಟು ಅಕ್ಕಿ ಪಡೆದು, ಮತ್ತೆ ನಡೆದು ಬಂದವಳಿಗೆ ಕಂಬಕ್ಕಿಂತ ದೊಡ್ಡ ಗುರುವಿಲ್ಲವೆಂದು ನನಗೆ ತಿಳಿಯಲು ಕೆಲವು ವಾರಗಳು ಬೇಕಾದವು. ಅವಳ ಗಂಡ ಹಿಂದೆಯೇ ತೀರಿಹೋಗಿದ್ದ. ಮನೆಯಲ್ಲಿ ಕಣ್ಣಿಲ್ಲದ ಅತ್ತೆ. ಇಬ್ಬರ ಅನ್ನಕ್ಕೂ ಆಧಾರವಾದದ್ದು ರಂಪಣಿಯ ಒಂದು ಪಾಲು.

ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. ರಂಪಣಿಯೆಂದರೆ ಊರಷ್ಟು ಉದ್ದದ ಬಲೆ. ಒಬ್ಬನ ಸ್ವತ್ತಲ್ಲ, ಪಾಲುದಾರರಾದ ಮನೆಗಳು ಒಂದೊಂದು ತುಂಡು ಹೆಣೆದು ತಂದು ಜೋಡಿಸುತ್ತವೆ. ಬಲೆಯನ್ನು ದೋಣಿಯಲ್ಲಿ ಹೇರಿಕೊಂಡು ಹೋಗಿ, ಕಡಲಿನಲ್ಲಿ ಕಮಾನಿನ ಹಾಗೆ ಬಿಟ್ಟು, ಎರಡೂ ತುದಿಗಳನ್ನು ದಂಡೆಯಿಂದ ಜನ ಎಳೆಯುತ್ತಾರೆ. ಬಿದ್ದ ಬಂಗಡೆ ಮೀನನ್ನು ಪಾಲು ಹಾಕುತ್ತಾರೆ. ಕದ್ರಾದ ಕಡೆಯಿಂದ ಕಾಳಿ ನದಿಯಲ್ಲಿ ತೇಲಿಬಂದ ಮರದಿಂದ ಕಟ್ಟಿದ ಬೇಲೇಕೇರಿಯ ಆ ದೋಣಿಯ ಮೂತಿಯ ಹಲಗೆಯ ಮೇಲೆ ಒಂದು ಸಾಲು ಚಿತ್ರಗಳಿದ್ದವು: ಸೂರ್ಯ, ಬಾಳೆಗೊನೆ, ಕುದುರೆ, ಕೊಡೆ, ಏಡಿ, ಹೀಗೆ. ಪ್ರತಿ ಪಾಲುದಾರ ಮನೆಗೆ ಒಂದು ಗುರುತು. ಪಾಲು ಹಾಕುವಾಗ ದೋಣಿಯ ಯಜಮಾನನಾದ ತಾಂಡೇಲ ಹಲಗೆಯ ಎದುರು ನಿಂತು ಎಡದಿಂದ ಬಲಕ್ಕೆ ಗುರುತುಗಳನ್ನು ಕೂಗುತ್ತಾನೆ. ಕೂಗಿದ ಗುರುತಿನ ಕೆಳಗೆ ಒಂದು ಬುಟ್ಟಿ ಇಡುತ್ತಾರೆ.

ಏಡಿ ಬೀರಮ್ಮನ ಮನೆಯದು. ಗಂಡ ಸತ್ತ ಮನೆಯ ಪಾಲು ಏನಾಗಬೇಕೆಂಬುದಕ್ಕೆ ಆ ದಂಡೆಯಲ್ಲಿ ಒಂದು ಕಟ್ಟಳೆ ಇತ್ತು. ಸತ್ತವನ ಬಲೆಯ ತುಂಡು ಹೇಗೂ ಕೊಳೆಯುತ್ತದೆ. ಗುರುತು ಉಳಿಯುತ್ತದೆ. ಅವನ ಹೆಂಡತಿ ವರ್ಷಕ್ಕೊಮ್ಮೆ, ನೂಲಹುಣ್ಣಿಮೆಯಂದು ಕಡಲಿಗೆ ಕಾಯಿ ಅರ್ಪಿಸುವ ಮೊದಲು, ತನ್ನ ಕೈಯಿಂದಲೇ ಅದಕ್ಕೆ ಬಣ್ಣ ತುಂಬಬೇಕು. ತುಂಬುವವರೆಗೆ ಪಾಲು ಅವಳದು. ಅವಳು ಮತ್ತೊಂದು ಮನೆ ಸೇರಿದರೆ, ಅಥವಾ ಬೇಡವೆಂದು ಬಿಟ್ಟರೆ, ಉಪ್ಪುನೀರು ಎರಡು ಮೂರು ವರ್ಷಗಳಲ್ಲಿ ಚಿತ್ರವನ್ನು ತಾನೇ ತಿಂದುಹಾಕುತ್ತದೆ. ಆಗ ಆ ಪಾಲು ಉಳಿದವರಿಗೆ. ಗುರುತನ್ನು ಸಮುದ್ರ ಅಳಿಸಬಹುದು, ಮನುಷ್ಯ ಅಳಿಸಬಾರದು. ಕಟ್ಟಳೆ ಇಷ್ಟೇ. ಯಾವ ಕಾಗದದಲ್ಲೂ ಇದು ಇಲ್ಲ. ವಿಧವೆಯರ ಹಕ್ಕಿನ ಬಗ್ಗೆ ಪುಣೆಯಲ್ಲಿ ನಾನು ಕೇಳಿದ ಭಾಷಣಗಳಲ್ಲಿಯೂ ಇದರಷ್ಟು ಚೊಕ್ಕವಾದದ್ದು ಇರಲಿಲ್ಲ.

ಬೀರಮ್ಮನ ಏಡಿ ಚಿತ್ರಕಲೆಯ ದೃಷ್ಟಿಯಿಂದ ಹೇಳಿಕೊಳ್ಳುವಂತಹದಲ್ಲ. ಪ್ರತಿ ವರ್ಷ ಮೇಲೆ ಮೇಲೆ ಬಳಿದು ಅದು ದಪ್ಪಗಾಗಿ, ಕಾಲುಗಳು ಒಂದರೊಳಗೊಂದು ಸೇರಿ, ಊದಿದ ಪೂರಿಗೆ ಕೊಂಬು ಬಂದ ಹಾಗೆ ಕಾಣುತ್ತಿತ್ತು. ಕೆಲಸದಿಂದ ನಿವೃತ್ತರಾಗಿ ನನ್ನ ಜೊತೆ ಕೆಲವು ದಿನ ಇರಲು ಬಂದಿದ್ದ ಮಾಮನನ್ನು ಒಂದು ನೂಲಹುಣ್ಣಿಮೆಗೆ ಬೇಲೇಕೇರಿಗೆ ಕರೆದೊಯ್ದೆ. ಹಲಗೆಯ ಮುಂದೆ ನಿಂತ ಮಾಮನ ಮುಖದ ಮೇಲೆ ಬಂದ ಬೆಳಕನ್ನು ನಾನು ಅವರ ಮಗಳ ಮದುವೆಯಲ್ಲಿಯೂ ಕಂಡಿರಲಿಲ್ಲ. ಇಷ್ಟು ವರ್ಷ ಹಾಳೆಗಳ ಮೇಲೆ ಓದಿದ್ದು ಬಿಸಿಲಿನಲ್ಲಿ, ಮೀನೆಣ್ಣೆ ಬಳಿದ ಮರದ ಮೇಲೆ, ಕಣ್ಣೆದುರಿಗೆ ಇತ್ತು. ಕೂಡಲೇ ಬೀರಮ್ಮನಿಗೆ ಉಪದೇಶ ಆರಂಭವಾಯಿತು. ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ಗಂಡ ಸತ್ತವಳು ಅವನ ಲಾಂಛನವನ್ನು ಗುರಾಣಿಯಲ್ಲಿ ಬರೆಯುವುದಿಲ್ಲ, ವಜ್ರದ ಹರಳಿನ ಆಕಾರದ ಚೌಕಟ್ಟಿನಲ್ಲಿ ಬರೆಯುತ್ತಾಳೆ. ಆದುದರಿಂದ ಏಡಿಯ ಸುತ್ತ ಅಂತಹ ನಾಲ್ಕು ಗೆರೆ ಎಳೆದರೆ ಶಾಸ್ತ್ರೋಕ್ತವಾಗುತ್ತದೆ ಎಂದು ಮಾಮ ಹೇಳಿದರು.

ಬೀರಮ್ಮ ಬಣ್ಣದ ಕರಟ ಹಿಡಿದುಕೊಂಡು ಕೇಳಿದಳು. “ಏಡಿನ ಪೆಟ್ಗೆ ಒಳಗೆ ಹಾಕುದಾ ಒಡೆಯಾ? ಹಾಕಿರೆ ಅದು ಕಚ್ಚುದು ಹೆಂಗೆ?”

ಸುತ್ತ ನಿಂತವರು ನಕ್ಕರು. ಮಾಮನೂ ನಕ್ಕರು. ಏಡಿ ಹೊರಗೇ ಉಳಿಯಿತು.

ಆಜ್ಞೆ ಬಂದದ್ದು ಮರುವರ್ಷದ ಮಳೆಗಾಲದಲ್ಲಿ, ನೂಲಹುಣ್ಣಿಮೆಗೆ ಮೊದಲು. ದೋಣಿಗಳಿಗೆ ಪರವಾನಗಿ ಕೊಡುವ ಕಚೇರಿಯೊಂದು ಕಾರವಾರದಲ್ಲಿದೆ. ಅದರ ನಿಜವಾದ ಹೆಸರು ಉದ್ದ, ಜನ ದೋಣಿಕಚೇರಿ ಎನ್ನುತ್ತಾರೆ. ಗೋವೆಯ ಕಡೆಯಿಂದ ಸರಾಯಿ ಸಾಗಿಸುವ ದೋಣಿಗಳನ್ನು ದೂರದಿಂದ ಗುರುತಿಸಲು ಅನುಕೂಲವಾಗಬೇಕೆಂದು, ಇನ್ನು ಮುಂದೆ ದೋಣಿಯ ಮೂತಿಯ ಮೇಲೆ ಕಪ್ಪು ಬಣ್ಣದ ನೆಲ, ಬಿಳಿಯ ಇಂಗ್ಲಿಷ್ ಅಂಕಿ, ಇಷ್ಟೇ ಇರತಕ್ಕದ್ದು. ಉಳಿದೆಲ್ಲ ಚಿತ್ರಗಳನ್ನು ಕೆರೆದು ತೆಗೆದ ಹೊರತು ಪರವಾನಗಿ ಇಲ್ಲ. ಸರಾಯಿಯ ದೋಣಿಗಳು ಎಲ್ಲರಿಗಿಂತ ಮೊದಲು ಅಂದವಾದ ಅಂಕಿಗಳನ್ನು ಬರೆಯಿಸಿಕೊಂಡವು. ಬೇಲೇಕೇರಿಯ ತಾಂಡೇಲ ಜಟ್ಟಪ್ಪ ಒಳ್ಳೆಯ ಮನುಷ್ಯ, ಹೆದರುವ ಮನುಷ್ಯ. ಉಳಿಯಿಂದ ಹಲಗೆಯನ್ನು ಮರ ಕಾಣುವವರೆಗೆ ಕೆರೆಸಿ, ಕಪ್ಪು ಬಳಿಸಿ, ಅಂಕಿ ಬರೆಯಿಸಿದ.

ನೂಲಹುಣ್ಣಿಮೆಯ ದಿನ ಬೀರಮ್ಮ ಕರಟದಲ್ಲಿ ಕೆಂಪು ಕಲಸಿಕೊಂಡು ಬಂದವಳು ಕರಟದಲ್ಲಿಯೇ ಅದು ಒಣಗುವವರೆಗೆ ದೋಣಿಯ ಮುಂದೆ ಕುಳಿತಿದ್ದಳಂತೆ. ನಾನು ಆ ದಿನ ಇರಲಿಲ್ಲ. ಮೊದಲ ರಂಪಣಿ ಎಳೆದ ದಿನ ಇದ್ದೆ.

ಬಂಗಡೆ ಚೆನ್ನಾಗಿ ಬಿದ್ದಿತ್ತು. ಜಟ್ಟಪ್ಪ ಅಭ್ಯಾಸದಂತೆ ಹಲಗೆಯ ಎದುರು ನಿಂತ. ಅಲ್ಲಿ ಓದಲು ಅಂಕಿಯ ಹೊರತು ಏನೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ನೆನಪಿನಿಂದ ಕೂಗಿದ: ಸೂರ್ಯ, ಗೊನೆ, ಕುದುರೆ, ಕೊಡೆ. ಒಂದೊಂದಕ್ಕೂ ಬುಟ್ಟಿ ಬಂತು. “ಏಡಿ” ಎಂದಾಗ ಕುದುರೆಯ ಮನೆಯ ಸೋಮಯ್ಯ ಬುಟ್ಟಿಗೆ ಕೈ ಅಡ್ಡ ಹಿಡಿದ.

“ಏಡಿ ಎಲ್ಲದೆ ತಾಂಡೇಲ್ರೇ? ತೋರ್ಸಿ ಕಾಂಬ.”

“ಕುದ್ರೆ ಎಲ್ಲದೆ ಹಂಗಾರೆ?” ಎಂದ ಜಟ್ಟಪ್ಪ.

“ಕುದ್ರೆ ಇಲ್ಲಿ ನಿಂತದೆ,” ಎಂದು ಸೋಮಯ್ಯ ತನ್ನ ಎದೆ ಮುಟ್ಟಿದ. “ಬಲೆ ತಂದವ ನಾನು, ಹಗ್ಗ ಎಳ್ದವ ನಾನು. ಏಡಿ ಯಜಮಾನ ಎಲ್ಲವ್ನೆ? ಬರೀ ಚಿತ್ರ ಇತ್ತು. ಚಿತ್ರನೂ ಹೋಯ್ತು. ಅಲ್ಲಿಗೆ ಮುಗೀತಲ್ಲ.”

ಜಟ್ಟಪ್ಪ ಕಟ್ಟಳೆಯನ್ನು ನೆನಪಿಸಿದ. ಅಳಿಸಿದ್ದು ಸಮುದ್ರವಲ್ಲ, ಉಳಿ. ಮನುಷ್ಯ ಅಳಿಸಿದರೆ ಪಾಲು ಹೋಗುವುದಿಲ್ಲ. ಸೋಮಯ್ಯ ಇದಕ್ಕೆ ಸಿದ್ಧನಾಗಿಯೇ ಬಂದಿದ್ದ.

“ಮನ್ಷ ಅಳ್ಸಿದ್ದಲ್ಲ, ಸರ್ಕಾರ ಅಳ್ಸಿದ್ದು. ಸರ್ಕಾರ ಅಂದ್ರೆ ಸಮುದ್ರನೇ ಅಲ್ದಾ? ಕೇಳ್ದೆ ಬತ್ತದೆ, ಕೇಳ್ದೆ ತಕಂಡು ಹೋತದೆ. ಅದ್ರ ಸಂಗ್ತಿ ವಾದ ಮಾಡ್ದವ್ರು ಯಾರಾರೂ ಇದ್ದಾರಾ?”

ಅವನ ಮಾತಿನಲ್ಲಿ ಸತ್ಯದ ರುಚಿಯಿತ್ತು, ಕಷ್ಟ ಅದೇ. ಕಂದಾಯ ಕೊಡದಿದ್ದುದಕ್ಕೆ ಹೊಲ ಮನೆ ಜಪ್ತಿಯಾದುದನ್ನು ಕಂಡ ಸೀಮೆ ಇದು. ಸರಕಾರ ಬಂದು ಹೋದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಬೀರಮ್ಮ ಎದ್ದು ನಿಂತಳು. “ಸೋಮಯ್ಯ ಭಾವ, ಸಮುದ್ರಕ್ಕೆ ವರ್ಷ ವರ್ಷ ಹಾಲು ಬಿಟ್ಟೆ, ಕಾಯಿ ಕೊಟ್ಟೆ. ನನ್ ಗಂಡನ್ನೂ ಅದ್ಕೇ ಕೊಟ್ಟೆ. ಅದು ಅಳ್ಸಿರೆ ನಾ ಮಾತಾಡ್ತಿರ್ಲಿಲ್ಲ. ಈ ಕಚೇರಿಗೆ ಕಾಯಿ ಕೊಟ್ಟವ್ರು ಯಾರು?”

ಬುಟ್ಟಿ ಮಾತ್ರ ಬರಲಿಲ್ಲ. ತೀರ್ಮಾನವಾಗುವವರೆಗೆ ಏಡಿಯ ಪಾಲು ಎಲ್ಲರಿಗೂ ಸಮನಾಗಿ ಹಂಚಲಿ ಎಂದು ಹಿರಿಯರು ಹೇಳಿದರು. ತೀರ್ಮಾನ ತಡವಾದಷ್ಟೂ ಎಲ್ಲರಿಗೂ ತುಸು ತುಸು ಲಾಭವೆಂಬುದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

ಅರ್ಜಿ ಬರೆಯುವುದು ನನ್ನ ಉದ್ಯೋಗ. ಆದರೆ ಆ ಸಲ, ಮತ್ತೆ ನನ್ನಲ್ಲಿಗೆ ಬಂದಿದ್ದ ಮಾಮ ಲೇಖನಿಯನ್ನು ನನ್ನ ಕೈಯಿಂದ ಅಕ್ಷರಶಃ ಕಸಿದುಕೊಂಡರು. ಜೀವಮಾನದಲ್ಲೊಮ್ಮೆ ತಮ್ಮ ವಿದ್ಯೆ ಪ್ರಯೋಜನಕ್ಕೆ ಬರುವ ಸಂದರ್ಭ ಒದಗಿತ್ತು. ತಡೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅತ್ಯುತ್ತಮ ಇಂಗ್ಲಿಷಿನಲ್ಲಿ ಅವರು ಬೇಲೇಕೇರಿಯ ಏಡಿಯನ್ನು ವರ್ಣಿಸಿದರು: ಸ್ವಾಭಾವಿಕ ಮರದ ನೆಲದ ಮೇಲೆ, ಇಕ್ಕುಳಗಳನ್ನು ಎತ್ತಿಹಿಡಿದ, ಕೆಂಪು ವರ್ಣದ, ಒಬ್ಬ ಮೃತ ನಾವಿಕನ ವಿಧವೆ ಪರಂಪರೆಯಿಂದ ಧರಿಸಿಕೊಂಡು ಬಂದ ಲಾಂಛನ. ದೃಷ್ಟಾಂತಗಳನ್ನೂ ಕೊಟ್ಟರು. ಗೋಲ್ಡನ್ ಹೈಂಡ್ ಎಂಬ ಪ್ರಖ್ಯಾತ ನೌಕೆಗೆ ಮೊದಲು ಒಂದು ನೀರುಹಕ್ಕಿಯ ಹೆಸರಿತ್ತು. ಯಾತ್ರೆಯ ನಡುವೆಯೇ ಅದರ ನಾಯಕ ತನ್ನ ಪೋಷಕನ ಲಾಂಛನದಲ್ಲಿದ್ದ ಹೊನ್ನಿನ ಜಿಂಕೆಯ ಹೆಸರನ್ನು ಅದಕ್ಕಿಟ್ಟ. ವಿಕ್ಟರಿ ಎಂಬ ಹಳೆಯ ಯುದ್ಧನೌಕೆಯನ್ನು (ನನ್ನ ಮೇಜಿನ ಕಾಲಡಿಯ ಹಾಳೆಯಲ್ಲಿದ್ದದ್ದು ಅದೇ) ಇಂಗ್ಲೆಂಡಿನ ಜನ ವಂತಿಗೆ ಕೂಡಿಸಿ, ನೀರಿನಿಂದೆತ್ತಿ, ಕಟ್ಟೆಯ ಮೇಲೆ ನಿಲ್ಲಿಸಿಕೊಂಡಿದ್ದಾರೆ; ಅದರ ಮೂತಿಯ ಮೇಲಿನ ರಾಜಲಾಂಛನಕ್ಕೆ ಇಂದಿಗೂ ಬಣ್ಣ ತುಂಬುತ್ತಾರೆ. ಎಂದ ಮೇಲೆ, ಏಡಿಗೆ ಮಾತ್ರ ಉಳಿಯೇಕೆ? ವಾದ ಸೊಗಸಾಗಿತ್ತು. ಬುಟ್ಟಿಯ ಮಾತು ಕೊನೆಯ ಸಾಲಿನಲ್ಲಿ ಬಂದಿತ್ತು.

ಮೋಟಾರಿನಲ್ಲಿ ಕಾರವಾರಕ್ಕೆ ಹೋದೆವು. ಮಾಮ ಮುಂದಿನ ಬೆಂಚಿನಲ್ಲಿ, ಬೀರಮ್ಮನೂ ನಾನೂ ವಾಡಿಕೆಯಂತೆ ಮೂಟೆಗಳ ಮೇಲೆ. ಕಚೇರಿಯ ಸಾಹೇಬರು ನಮ್ಮವರೇ, ಸೌಮ್ಯ ಸ್ವಭಾವದವರು. ಅರ್ಜಿಯನ್ನು ಎರಡು ಸಲ ಓದಿದರು. ಇಷ್ಟು ಚೆಂದದ ಇಂಗ್ಲಿಷು ಈ ಕಚೇರಿಗೆ ಹಿಂದೆ ಬಂದಿರಲಿಲ್ಲವೆಂದು ಮಾಮನಿಗೆ ಹೇಳಿದರು. ಆಮೇಲೆ ತೊಂದರೆ ಏನೆಂಬುದನ್ನು ವಿವರಿಸಿದರು. ದೋಣಿಯ ಮೇಲಿನ ಗುರುತಾಗಿದ್ದರೆ ತಾವೇ ಏನಾದರೂ ಯೋಚಿಸಬಹುದಾಗಿತ್ತು. ಅರ್ಜಿಯಲ್ಲಿ ಲಾಂಛನ ಎಂದಿದೆ. ಲಾಂಛನ ಧರಿಸುವ ಹಕ್ಕನ್ನು ಕೊಡತಕ್ಕವರು ಲಂಡನ್ನಿನಲ್ಲಿದ್ದಾರೆ. ಅವರ ಅಪ್ಪಣೆಯನ್ನು ತರಿಸಿಕೊಂಡರೆ ತಮ್ಮ ಕಡೆಯಿಂದ ಅಡ್ಡಿಯಿಲ್ಲ.

“ಲಾಂಛನವೆಂಬ ಶಬ್ದವನ್ನು ಹೊಡೆದುಹಾಕುತ್ತೇನೆ, ಗುರುತು ಎಂದು ಓದಿಕೊಳ್ಳಿ,” ಎಂದೆ ನಾನು.

“ಹೊಡೆದುಹಾಕಿದ ಅರ್ಜಿ ಚಾಲ್ತಿಗೆ ಬರುವುದಿಲ್ಲ ಬಾಯಿಯವರೇ. ಹೊಸದು ಕೊಡಿ. ಆದರೆ ಈ ಹಂಗಾಮಿನ ಪರವಾನಗಿ ಬರೆದು ಆಗಿದೆ.”

ಅದುವರೆಗೆ ಬೀರಮ್ಮ ಬಾಗಿಲಲ್ಲಿಯೇ ನಿಂತಿದ್ದಳು. ಬಾಗಿಲ ಮೇಲೆ ಮರದಲ್ಲಿ ಕೆತ್ತಿ ಬಣ್ಣ ಹಾಕಿದ ಸರಕಾರದ ಸಿಂಹವೂ ಕೋಡಿನ ಕುದುರೆಯೂ ಇದ್ದವು. ತಲೆಯೆತ್ತಿ ನೋಡುತ್ತ ಅವಳು ಯಾರನ್ನೂ ಉದ್ದೇಶಿಸದೆ ಕೇಳಿದಳು.

“ಈ ಕುದ್ರೆಗೆ ಪರ್ವಾನ್ಗಿ ಕೊಟ್ಟವ್ರು ಯಾರಾ?”

ಸಾಹೇಬರು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದೋಣಿಯ ಒಳಮೈಯಲ್ಲಿ ಏನು ಬರೆದುಕೊಂಡರೂ ಕಚೇರಿ ನೋಡಲು ಬರುವುದಿಲ್ಲವೆಂದು ಮೆಲ್ಲನೆ ಒಂದು ದಾರಿಯನ್ನೂ ಸೂಚಿಸಿದರು. ಅದರಂತೆ ಬೀರಮ್ಮ ದೋಣಿಯ ಒಳಗಡೆ ಏಡಿಯನ್ನು ಬರೆದಳು. ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು. ಕಾಲುಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಬಲೆ ಹೇರಿದೊಡನೆ ಅದು ಕಾಣದಾಯಿತು. ಪಾಲು ಹಾಕುವ ದಿನ, “ಬಲೆ ಅಡಿಗೆ ಬಿದ್ದ ಏಡಿ ಬಲೆಗೇ ಸೇರ್ತು, ಅದಕ್ಕೆ ಪಾಲೆಲ್ಲಿದು” ಎಂದು ಸೋಮಯ್ಯ ಹೇಳಿದ. ಆ ಸಲ ನಕ್ಕವರು ಹೆಚ್ಚು.

ಬೀರಮ್ಮ ಈಗ ಶೆಟಗೇರಿಯ ಗದ್ದೆಗಳಿಗೆ ಕೂಲಿಗೆ ಹೋಗುತ್ತಾಳೆ. ಕಡಲಿನವಳಿಗೆ ಕೆಸರಿನ ಕೆಲಸ ಬಾರದೆಂದು ಅಲ್ಲಿಯವರು ನಾಟಿಯ ಸಾಲಿನ ಕೊನೆಗೆ ನಿಲ್ಲಿಸುತ್ತಾರಂತೆ. ಮೀನಿಲ್ಲದ ಬುಟ್ಟಿ ಮನೆಯ ಮಾಡಿಗೆ ತೂಗುತ್ತಿದೆ. ಅತ್ತೆಗೆ ಪಾಲು ಹೋದ ಸಂಗತಿಯನ್ನು ಯಾರೂ ಹೇಳಿಲ್ಲ. ಈ ವರ್ಷ ಬಂಗಡೆ ಬೀಳಲಿಲ್ಲವೆಂದು ಆಕೆ ತಿಳಿದಿದ್ದಾಳೆ; ಸಮುದ್ರವನ್ನು ಬೈಯುತ್ತಾಳೆ. ಸಮುದ್ರದ್ದು ಇದರಲ್ಲಿ ಏನೂ ತಪ್ಪಿಲ್ಲ.

ತಪ್ಪು ಯಾರದೆಂದು ಕ್ರಮವಾಗಿ ಹೇಳುತ್ತೇನೆ. ಕಳ್ಳಸರಾಯಿಯನ್ನು ಹಿಡಿಯಲು ಹೊರಟು ವಿಧವೆಯ ಪಾಲನ್ನು ಹಿಡಿದುಕೊಟ್ಟ ಆಜ್ಞೆಯದು. ಆಜ್ಞೆಯಲ್ಲಿ ಕೆರೆಯಿರಿ ಎಂದಿದ್ದಾಗ ಯಾರ ಅನ್ನ ಕೆರೆಯುತ್ತಿದ್ದೇನೆಂದು ಕೇಳದ ತಾಂಡೇಲನದು. ಕಟ್ಟಳೆಯನ್ನು ಬುದ್ಧಿವಂತಿಕೆಯಿಂದ ತಿರುಚಿದ ಸೋಮಯ್ಯನದು. ತುಸು ತುಸು ಲಾಭವನ್ನು ಮೌನವಾಗಿ ಮನೆಗೊಯ್ದ ಉಳಿದೆಲ್ಲ ಗುರುತುಗಳದು. ಒಂದು ಬುಟ್ಟಿ ಮೀನನ್ನು ಕೇಳಲು ಹೋಗಿ ಕಿರೀಟದ ಅಪ್ಪಣೆ ಬೇಕಾಗುವಂತೆ ಬರೆದ ನನ್ನ ಮಾಮನದು. ಅವರು ಈ ಸಾಲನ್ನು ಓದುತ್ತಾರೆ, ಓದಿ ಬೇಸರಪಡುತ್ತಾರೆ, ಆದರೂ ಬರೆಯಬೇಕು. ಪರದೇಶದ ಹಡಗಿನ ಮೂತಿಗೆ ಬಣ್ಣ ಬಳಿದರೆ ಅದು ಇತಿಹಾಸ, ನಮ್ಮ ದೋಣಿಯ ಮೂತಿಗೆ ಬಳಿದರೆ ಅಡಚಣೆ ಎಂದು ನಮಗೆ ದಿನಕ್ಕೊಂದು ಹಾಳೆಯಂತೆ ಕಲಿಸಿದವರದೂ ಹೌದು.

ಆದುದರಿಂದ ದೋಣಿಕಚೇರಿಯ ಸಾಹೇಬರಲ್ಲಿ ಒಂದೇ ಬೇಡಿಕೆ. ಆಜ್ಞೆಯನ್ನು ಹಿಂದೆ ತೆಗೆದುಕೊಳ್ಳಿರೆಂದು ಕೇಳುವುದಿಲ್ಲ. ನಿಮ್ಮ ಅಂಕಿ ನಿಮಗಿರಲಿ. ಬರುವ ನೂಲಹುಣ್ಣಿಮೆಗಿಂತ ಮೊದಲು, ಬೇಲೇಕೇರಿಯ ದಂಡೆಯ ಮೇಲೆ ಕೂಗಿ ಓದಲು ಬರುವಂತೆ, ನಮ್ಮ ಜನರ ಕನ್ನಡದಲ್ಲಿ ಒಂದು ಸಾಲು ಬರೆದು, ಸಹಿ ಮಾಡಿ ಕಳಿಸಿರಿ: ‘ಹಲಗೆ ಕೆರೆಸಿದ್ದು ನಾವು, ನಾವು ಸಮುದ್ರವಲ್ಲ.’

ಜಟ್ಟಪ್ಪ, ನೀನು ಆ ಸಾಲಿಗಾಗಿ ಕಾಯಬೇಡ. ಮುಂದಿನ ರಂಪಣಿ ಎಳೆದ ದಿನ ಕಣ್ಣು ಮುಚ್ಚಿಕೊಂಡೇ ಕೂಗು. ಕೊಡೆಯಾದ ಮೇಲೆ ಯಾವುದು ಬರುತ್ತದೆಂದು ನಿನಗೆ ಗೊತ್ತಿದೆ. ಬುಟ್ಟಿ ಇಡು.